ಆಯಿಲ್ ಕುಡಿಯುವ ಹಳೇ ಆಲ್ಟೊ: ಹಾಸನದಲ್ಲಿ ಸಿಗುವ ಮದ್ದುಗಳಲ್ಲಿ ಯಾವುದು ಕಾಸಿಗೆ ತಕ್ಕದ್ದು?

ಹಾಸನದ ಬಿ.ಎಂ. ರಸ್ತೆಯ ಸ್ಪೇರ್ಸ್ ಅಂಗಡಿಯಲ್ಲಿ ನಿಂತು ‘ಗಾಡಿ ಆಯಿಲ್ ತಿಂತಿದೆ’ ಅಂದರೆ ಸಾಕು, ಕೌಂಟರಿನವರು ಆಯಿಲಿಗೆ ಬೆರೆಸುವ ಮದ್ದಿನ ಒಂದು ಚಿಕ್ಕ ಡಬ್ಬಿ ತೆಗೆದು ಮುಂದಿಡುತ್ತಾರೆ. ಪಕ್ಕದ ಗಿರಾಕಿ ‘ದಪ್ಪ ಆಯಿಲ್ ಹಾಕ್ಸಿ ಸಾರ್’ ಅಂತಾನೆ. ಗ್ಯಾರೇಜಿಗೆ ಹೋದರೆ ‘ಹಾಫ್ ಎಂಜಿನ್ ಮಾಡಿಸ್ಬೇಕು’, ಅಂದರೆ ಎಂಜಿನ್ ಬಿಚ್ಚಿ ಪಿಸ್ಟನ್, ರಿಂಗ್ ಕೆಲಸ. ಒಂದೊಂದೂ ಯಾವುದೋ ಒಂದು ಕಾರಿಗೆ ಸರಿಯಾದ ಉತ್ತರವೇ. ಆದರೆ ‘ಎಷ್ಟು ಕಿಲೋಮೀಟರಿಗೆ ಎಷ್ಟು ತಿಂತಿದೆ?’ ಅಂತ ಮೂವರೂ ಕೇಳುವುದಿಲ್ಲ.

ಇಲ್ಲಿ ಹೇಳುವುದು ಮುಖ್ಯವಾಗಿ 796 ಸಿಸಿಯ ಎಫ್8ಡಿ ಎಂಜಿನ್ನಿನ ಆಲ್ಟೊ ಬಗ್ಗೆ. ಲಕ್ಷ ಕಿಲೋಮೀಟರ್ ದಾಟಿದ ಓಮ್ನಿ, 800, ವ್ಯಾಗನ್ ಆರ್, ಸ್ಯಾಂಟ್ರೊಗಳಿಗೂ ಬಹುಪಾಲು ಹೊಂದುತ್ತದೆ.

ಖರ್ಚಿಗೆ ಕೈಹಾಕುವ ಮೊದಲು ಅಳತೆ. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಬಿಸಿ ಎಂಜಿನ್ ಆಫ್ ಮಾಡಿ ಐದು ನಿಮಿಷ ಬಿಡಿ. ಡಿಪ್‌ಸ್ಟಿಕ್ ಎಳೆದು ಒರೆಸಿ, ಮತ್ತೆ ಪೂರ್ತಿ ಒಳಗೆ ತಳ್ಳಿ ಎಳೆದು ನೋಡಿ. ಮೇಲಿನ ಗುರುತಿಗೆ ಸರಿಯಾಗಿ ತುಂಬಿಸಿ, ಮೀಟರ್ ಬರೆದಿಟ್ಟುಕೊಳ್ಳಿ. 1000 ಕಿ.ಮೀ. ಆದ ಮೇಲೆ ಅದೇ ಜಾಗದಲ್ಲಿ ನಿಲ್ಲಿಸಿ, ಅದೇ ಗುರುತಿಗೆ ಬರುವವರೆಗೆ ಅಳೆದು ಹಾಕಿ. ಅಳತೆ ಲೋಟ ಇಲ್ಲದಿದ್ದರೆ ಅಡುಗೆಮನೆಯ ತಕ್ಕಡಿ ಸಾಕು: ಒಂದು ಲೀಟರ್ ಎಂಜಿನ್ ಆಯಿಲ್ ಸುಮಾರು 870 ಗ್ರಾಂ ತೂಗುತ್ತದೆ. ಹಾಕುವ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಬಾಟಲಿ ತೂಗಿದರೆ ಲೆಕ್ಕ ಸಿಕ್ಕಿತು.

1000 ಕಿ.ಮೀ.ಗೆ 200 ಎಂಎಲ್ ಒಳಗಿದ್ದರೆ ಹಳೇ ಎಂಜಿನ್ನಿಗೆ ಅದು ಕಾಯಿಲೆಯೇ ಅಲ್ಲ. 400ರವರೆಗೆ ಇದ್ದರೆ ಕಾರಣ ಹುಡುಕಿ, ಗಾಬರಿ ಬೇಡ. ಮುಕ್ಕಾಲು ಲೀಟರ್ ಮುಟ್ಟಿತೆಂದರೆ ಎಂಜಿನ್ ಬಿಚ್ಚುವ ಮಾತಿಗೆ ಅರ್ಥ ಬರುತ್ತದೆ.

ಮಲೆನಾಡಿನ ಕಡೆ ಈ ಅಳತೆ ಒಂದು ಕಡೆ ದಾರಿ ತಪ್ಪಿಸುತ್ತದೆ. ಮಳೆಗಾಲದಲ್ಲಿ ಮನೆಯಿಂದ ಪೇಟೆ, ಪೇಟೆಯಿಂದ ಮನೆ ಅಂತ ಎರಡು ಮೂರು ಕಿಲೋಮೀಟರ್ ಓಡುವ ಗಾಡಿಯ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಉರಿಯದ ಪೆಟ್ರೋಲೂ ತೇವವೂ ಚೇಂಬರಿಗೆ (ಎಂಜಿನ್ ಅಡಿಯ ಆಯಿಲ್ ತೊಟ್ಟಿಗೆ) ಇಳಿದು ಆಯಿಲ್ ಜೊತೆ ಸೇರಿಕೊಳ್ಳುತ್ತವೆ. ಫಿಲ್ಲರ್ ಕ್ಯಾಪ್ ಬಿಚ್ಚಿದರೆ ಅಡಿಯಲ್ಲಿ ಮಜ್ಜಿಗೆ ಬಣ್ಣದ ನೊರೆ ಕಾಣುವುದು ಇದರಿಂದಲೇ. (ರೇಡಿಯೇಟರ್ ನೀರು ಕಡಿಮೆಯಾಗುತ್ತಿಲ್ಲ ಎಂದಾದರೆ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಹೆದರಬೇಕಿಲ್ಲ.) ಆಯಿಲ್ ಸುಟ್ಟುಹೋದಷ್ಟೂ ಇವು ಜಾಗ ತುಂಬುವುದರಿಂದ ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಇಳಿಯುವುದಿಲ್ಲ. ಆಮೇಲೆ ಒಂದು ದಿನ ಬೆಂಗಳೂರಿಗೆ ಹೋಗಿ ಬಂದರೆ ಬಿಸಿಗೆ ಅವು ಆವಿಯಾಗಿ, ಮಟ್ಟ ಒಮ್ಮೆಲೇ ಕೆಳಗಿನ ಗುರುತಿಗೆ ಬೀಳುತ್ತದೆ. ‘ಒಂದೇ ಟ್ರಿಪ್ಪಿಗೆ ಅರ್ಧ ಲೀಟರ್ ಕುಡಿದುಬಿಟ್ಟಿತು’ ಎಂಬ ದೂರುಗಳಲ್ಲಿ ಎಷ್ಟೋ ಇಂಥವೇ. ಹಾಗಾಗಿ ಒಂದು ದೂರದ ಓಟ ಮುಗಿಸಿ ಬಂದ ಮೇಲೆ ಅಳತೆ ಶುರುಮಾಡಿ.

ಸೋರಿಕೆಯನ್ನೂ ಮೊದಲೇ ತಳ್ಳಿಹಾಕಬೇಕು. ರಾತ್ರಿ ಎಂಜಿನ್ ಕೆಳಗೆ ರಟ್ಟು ಹಾಸಿ. ಟ್ಯಾಪೆಟ್ ಕವರ್ ಪ್ಯಾಕಿಂಗ್, ಆಯಿಲ್ ಪ್ರೆಷರ್ ಸ್ವಿಚ್, ಕ್ರ್ಯಾಂಕಿನ ಮುಂದಿನ ಸೀಲ್, ಡ್ರೇನ್ ಬೋಲ್ಟಿನ ವಾಷರ್, ಕಾರ್ಬ್ಯುರೇಟರ್ ಕಾಲದ 800 ಮತ್ತು ಓಮ್ನಿಯಾದರೆ ಡಿಸ್ಟ್ರಿಬ್ಯೂಟರಿನ ಓ-ರಿಂಗ್: ಸೋರುವುದು ಸಾಮಾನ್ಯವಾಗಿ ಇಲ್ಲೆಲ್ಲ. ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಕಡೆ ಒದ್ದೆಯಿದ್ದರೆ ಹಿಂದಿನ ಸೀಲ್. ಅದಕ್ಕೆ ಗೇರ್‌ಬಾಕ್ಸ್ ಇಳಿಸಲೇಬೇಕು. ಕ್ಲಚ್ ಪ್ಲೇಟ್ ಬದಲಿಸುವ ದಿನದವರೆಗೆ ತಳ್ಳಬಹುದಾದರೆ ತಳ್ಳಿ.

ಇನ್ನು ಹೊಗೆ. ಈ ಪರೀಕ್ಷೆಗೆ ನಮ್ಮ ಜಿಲ್ಲೆಗಳಲ್ಲಿ ಕಾಸು ಕೊಡಬೇಕಿಲ್ಲ, ಘಾಟಿ ಇದೆ. ಸಕಲೇಶಪುರ ದಾಟಿ ಶಿರಾಡಿ ಇಳಿಯುವಾಗಲೋ, ಸೀತಾಳಯ್ಯನಗಿರಿಯಿಂದ ಕೈಮರದ ಕಡೆ ಬರುವಾಗಲೋ, ಎರಡನೇ ಅಥವಾ ಮೂರನೇ ಗೇರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದು ಒಂದೆರಡು ಕಿಲೋಮೀಟರ್ ಇಳಿಯಿರಿ. ಥ್ರಾಟಲ್ ಮುಚ್ಚಿರುವಾಗ ಇನ್‌ಟೇಕ್ ಕಡೆ ಎಳೆತ ಜೋರು. ಗಟ್ಟಿಯಾಗಿ ಹೋದ ವಾಲ್ವ್ ಸೀಲ್ (ವಾಲ್ವ್ ಕಡ್ಡಿಯ ಸುತ್ತ ಕೂರುವ ರಬ್ಬರ್ ತುಂಡು) ಮೂಲಕ ಹೆಡ್ಡಿನ ಆಯಿಲ್ ಸಿಲಿಂಡರಿಗೆ ಇಳಿಯುತ್ತದೆ. ರಸ್ತೆ ಸಮವಾದ ಕಡೆ ಆಕ್ಸಿಲರೇಟರ್ ಒತ್ತಿ ಕನ್ನಡಿ ನೋಡಿ: ನೀಲಿ ಹೊಗೆ ಒಂದು ಸಲ ಬುಸ್ಸೆಂದು ಬಂದು ನಿಂತರೆ ಮೊದಲ ಅನುಮಾನ ಸೀಲ್ ಮೇಲೆ. ಬೆಳಿಗ್ಗೆ ಮೊದಲ ಸ್ಟಾರ್ಟಿಗೂ ಅದೇ ಬುಸ್ಸು ಇದ್ದರೆ ಅನುಮಾನ ಇನ್ನೂ ಗಟ್ಟಿ. ಅದು ಬಿಟ್ಟು ಏರುವಾಗ, ಗಾಡಿಗೆ ಭಾರ ಬಿದ್ದಾಗ, ಬಿಡದೆ ನೀಲಿ ಹೊಗೆ ಬರುತ್ತಿದ್ದರೆ ಪಿಸ್ಟನ್ ಸುತ್ತಲಿನ ರಿಂಗ್ ಕಡೆ ನೋಡಬೇಕು. ಕಪ್ಪು ಹೊಗೆಗೆ ಕಾರಣ ಹೆಚ್ಚಾದ ಪೆಟ್ರೋಲ್, ಬಿಳಿ ಹೊಗೆಗೆ ನೀರು. ಆಯಿಲ್ ಲೆಕ್ಕಕ್ಕೆ ಅವು ಸೇರುವುದಿಲ್ಲ.

ಮೊದಲ ಮದ್ದು ಪಿಸಿವಿ ವಾಲ್ವ್. ಈ ಇಡೀ ಪಟ್ಟಿಯಲ್ಲಿ ಕಾಸಿಗೆ ಅತಿ ಹೆಚ್ಚು ಬೆಲೆ ಕೊಡುವ ಭಾಗ ಇದೇ, ಆದರೂ ಅಂಗಡಿಯವರ ಬಾಯಲ್ಲಿ ಕೊನೆಗೆ ಬರುತ್ತದೆ. ಚೇಂಬರಿನ ಹಬೆಯನ್ನು ಇನ್‌ಟೇಕಿಗೆ ಕಳಿಸುವ, ಹೆಬ್ಬೆರಳಿಗಿಂತ ಚಿಕ್ಕ ಭಾಗ ಅದು. ಕಳಚಿ ಕಿವಿಯ ಹತ್ತಿರ ಅಲ್ಲಾಡಿಸಿ, ಕಟಕಟ ಅನ್ನಬೇಕು. ಐಡ್ಲಿಂಗಿನಲ್ಲಿ ತುದಿಗೆ ಬೆರಳಿಟ್ಟರೆ ಎಳೆತ ಗೊತ್ತಾಗಬೇಕು. ಕಟ್ಟಿಕೊಂಡಿದ್ದರೆ ಒತ್ತಡ ಒಳಗೇ ಉಳಿದು ಆಯಿಲ್ ಏರ್ ಫಿಲ್ಟರ್ ಡಬ್ಬಿಗೆ ಬಂದು ಬೀಳುತ್ತದೆ, ಸೀಲುಗಳನ್ನೂ ಹೊರಗೆ ದಬ್ಬುತ್ತದೆ. ತೆರೆದೇ ನಿಂತಿದ್ದರೆ ಆಯಿಲ್ ಹಬೆ ನೇರ ಇನ್‌ಟೇಕಿಗೆ. ಕಾರ್ಬ್ಯುರೇಟರ್ ಕ್ಲೀನರಿನಿಂದ ತೊಳೆದು ನೋಡಿ, ಆಗದಿದ್ದರೆ ಹೊಸದು. ಬಿರುಕು ಬಿಟ್ಟ ಹೋಸನ್ನೂ ಅದರ ಜೊತೆಗೇ ಬದಲಿಸಿ. ಇದನ್ನು ಮಾಡಿ ಇನ್ನೊಂದು 1000 ಕಿ.ಮೀ. ಅಳೆಯದೆ ಮುಂದಿನ ಖರ್ಚಿಗೆ ಹೋಗಬೇಡಿ.

ಡಬ್ಬಿಗಳಲ್ಲಿ ಮೂರು ಜಾತಿ, ಕೌಂಟರಿನಲ್ಲಿ ಮೂರಕ್ಕೂ ಒಂದೇ ಹೊಗಳಿಕೆ. ಆಯಿಲನ್ನು ದಪ್ಪ ಮಾಡುವವು: ಹೊಗೆ ಸ್ವಲ್ಪ ಇಳಿಯುತ್ತದೆ, ಮುಂದಿನ ಆಯಿಲ್ ಚೇಂಜಿಗೆ ಎಲ್ಲ ಮೊದಲಿನಂತೆ. ಮಾರುವ ಗಾಡಿಗೆ ಹಾಕುವವರೇ ಹೆಚ್ಚು, ಕೊಳ್ಳುವವರು ಎಚ್ಚರ. ರಬ್ಬರ್ ಸೀಲನ್ನು ಮೆತ್ತಗೆ ಮಾಡುವವು: ಸೀಲ್ ಗಟ್ಟಿಯಾಗಿದ್ದು ಇನ್ನೂ ಸೀಳಿಲ್ಲದಿದ್ದರೆ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಸ್ವಲ್ಪ ಗುಣ ಕಾಣಬಹುದು. ಒಮ್ಮೆ ನೋಡಿ, ಎರಡನೇ ಡಬ್ಬಿ ಬೇಡ. ಮೂರನೆಯದು ಫ್ಲಶ್. ಹಳೇ ಆಯಿಲಿಗೆ ಹಾಕಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ ಹತ್ತು ನಿಮಿಷ, ಐಡ್ಲಿಂಗ್ ಬಿಟ್ಟು ಇಳಿಸಬೇಕು. ಅದನ್ನು ಹಾಕಿಕೊಂಡು ಗಾಡಿ ಓಡಿಸಕೂಡದು. ಕ್ಯಾಪ್ ತೆಗೆದು ನೋಡಿದಾಗ ಒಳಗೆ ದಪ್ಪ ಕರಿ ಕೆಸರು ಕಂಡರೆ ಫ್ಲಶ್ ತಂಟೆಗೇ ಹೋಗಬೇಡಿ. ಕೆಸರು ಕಿತ್ತು ಬಂದು ಆಯಿಲ್ ಪಂಪಿನ ಜಾಲರಿಗೆ ಕೂತರೆ ಪ್ರೆಷರ್ ಬಿದ್ದು ಬೇರಿಂಗ್ ಹೋಗುತ್ತದೆ.

ದಪ್ಪ ಆಯಿಲಿನ ಸಲಹೆ ಅರ್ಧ ನಿಜ. 5ಡಬ್ಲ್ಯು-30 (ಮೊದಲ ಅಂಕಿ ಚಳಿಯಲ್ಲಿ, ಎರಡನೆಯದು ಬಿಸಿಯಲ್ಲಿ ಆಯಿಲಿನ ದಪ್ಪದ ದರ್ಜೆ) ಹಾಕುತ್ತಿದ್ದ ಹಳೇ ಎಂಜಿನ್ನಿಗೆ, ಮ್ಯಾನುಯಲ್ ಒಪ್ಪುವುದಾದರೆ, 15ಡಬ್ಲ್ಯು-40 ಅಥವಾ 20ಡಬ್ಲ್ಯು-40 ಹಾಕಿದಾಗ ಖರ್ಚು ಇಳಿಯುವುದುಂಟು. ನಮ್ಮ ಚಳಿಗೆ 20ಡಬ್ಲ್ಯು ಏನೂ ಹೆಪ್ಪುಗಟ್ಟುವುದಿಲ್ಲ. ಆದರೆ ಆಲ್ಟೊ ಕೆ10ರ ಕೆ10ಬಿಯಂಥ ಹೊಸ ತಲೆಮಾರಿನ ಎಂಜಿನ್ನುಗಳಿಗೆ ಮ್ಯಾನುಯಲ್ ದಾಟಬೇಡಿ. ಮತ್ತೊಂದು ಮಾತು: 3 ಲೀಟರ್ ಕ್ಯಾನ್ ತಂದೆವೆಂದು ಕೊನೆಯ ಹನಿಯವರೆಗೆ ಸುರಿಯುವ ಅಭ್ಯಾಸ ಬಿಡಿಸಿ. ಸಣ್ಣ ಎಂಜಿನ್ನುಗಳಲ್ಲಿ ಕೆಲವಕ್ಕೆ ಅಷ್ಟು ಹಿಡಿಸುವುದಿಲ್ಲ. ಹೆಚ್ಚಾದದ್ದನ್ನು ಕ್ರ್ಯಾಂಕ್ ಕಡೆದು ನೊರೆ ಮಾಡುತ್ತದೆ, ನೊರೆ ಬ್ರೀದರಿನಿಂದ (ಹಬೆ ಹೋಗುವ ಕೊಳವೆಯಿಂದ) ಹೊರಗೆ ಹೋಗುತ್ತದೆ, ‘ಆಯಿಲ್ ತಿಂತಿದೆ’ ಅನ್ನುವ ಹೆಸರು ಎಂಜಿನ್ನಿಗೆ.

ಈಗ ವಾಲ್ವ್ ಸೀಲ್. ಎಫ್8ಡಿಯಲ್ಲಿ ಸಿಲಿಂಡರಿಗೆ ನಾಲ್ಕರಂತೆ 12 ವಾಲ್ವ್, 12 ಸೀಲ್. ಓಮ್ನಿಯ ಎಫ್8ಬಿಗೆ ಆರೇ. ಹೆಡ್ ಇಳಿಸದೆಯೂ ಈ ಕೆಲಸ ಆಗುತ್ತದೆ, ಆದರೆ ಎಲ್ಲ ಗ್ಯಾರೇಜಿನವರೂ ಒಪ್ಪುವುದಿಲ್ಲ. ಒಪ್ಪುವವರನ್ನು ಹುಡುಕುವುದು ಲಾಭ. ಪ್ಲಗ್ ಬಿಚ್ಚಿ, ಕಂಪ್ರೆಷನ್ ಸ್ಟ್ರೋಕಿನಲ್ಲಿ ಪಿಸ್ಟನ್ ತುದಿ ಮುಟ್ಟುವ ಸ್ವಲ್ಪ ಮೊದಲು ನಿಲ್ಲಿಸಿ, ಪ್ಲಗ್ ತೂತಿನಿಂದ ನೈಲಾನ್ ಹಗ್ಗ ತುಂಬುತ್ತಾರೆ. ಹಗ್ಗದ ತುದಿ ಹೊರಗೇ ಇರಬೇಕು. ಕ್ರ್ಯಾಂಕ್ ಪುಲ್ಲಿಯನ್ನು ಸ್ಪ್ಯಾನರಿನಿಂದ ಮೆಲ್ಲಗೆ ತಿರುಗಿಸಿದರೆ ಹಗ್ಗ ಒತ್ತಿಕೊಂಡು ವಾಲ್ವನ್ನು ಕೆಳಗೆ ಬೀಳದಂತೆ ಹಿಡಿಯುತ್ತದೆ. ಕಂಪ್ರೆಸರ್ ಇರುವವರು ಹಗ್ಗದ ಬದಲು ಗಾಳಿ ಕೊಡುತ್ತಾರೆ. ಆಮೇಲೆ ಸ್ಪ್ರಿಂಗ್ ಒತ್ತಿ, ಅದನ್ನು ವಾಲ್ವಿಗೆ ಹಿಡಿದಿಡುವ ಚಿಕ್ಕ ವಾಲ್ವ್ ಲಾಕ್ ತೆಗೆಯುವುದು. ಆಯಿಲ್ ಇಳಿಯುವ ತೂತುಗಳಿಗೆ ಮೊದಲೇ ಬಟ್ಟೆ ತುರುಕಿರಬೇಕು. ಒಂದು ಲಾಕ್ ಜಾರಿ ಚೇಂಬರಿಗೆ ಬಿದ್ದರೆ ಉಳಿಸಿದ ಕೂಲಿಯೆಲ್ಲ ಅಲ್ಲಿಗೆ ಹೋಯಿತು.

ಹೊರಬಂದ ಹಳೇ ಸೀಲನ್ನು ಕೇಳಿ ಕೈಗೆ ತೆಗೆದುಕೊಳ್ಳಿ. ಹೊಸದು ಉಗುರಿಗೆ ಬಗ್ಗುತ್ತದೆ. ಹಳೆಯದು ಅಂಗಿಯ ಗುಂಡಿಯ ಹಾಗೆ ಗಟ್ಟಿ, ತುಟಿ ಹೊಳೆಯುತ್ತಿರುತ್ತದೆ, ಚಿವುಟಿದರೆ ಚೂರಾಗುತ್ತದೆ. ಹೊಸ ಸೀಲ್ ವಿಟಾನ್ ರಬ್ಬರಿನದೇ ಇರಲಿ. ಮಾಮೂಲಿ ನೈಟ್ರೈಲಿಗಿಂತ ಬಿಸಿಯನ್ನು ಹೆಚ್ಚು ದಿನ ತಾಳುತ್ತದೆ, ಬೆಲೆಯ ವ್ಯತ್ಯಾಸ ಕೂಲಿಯ ಮುಂದೆ ಏನೂ ಅಲ್ಲ. ಕೂರಿಸುವಾಗ ತುಟಿಗೆ ಆಯಿಲ್ ಸವರಿ, ವಾಲ್ವಿನ ತುದಿಯಲ್ಲಿ ಲಾಕ್ ಕೂರುವ ಕಚ್ಚಿಗೆ ತಾಗಿ ತುಟಿ ಹರಿಯದಂತೆ ತುದಿಗೆ ಪ್ಲಾಸ್ಟಿಕ್ ತೋಳು ತೊಡಿಸಬೇಕು. ಸಾಕೆಟ್ ಇಟ್ಟು ಸುತ್ತಿಗೆಯಲ್ಲಿ ಹೊಡೆದವರ ಕೆಲಸ ವಾರದಲ್ಲೇ ಹೊಗೆಯಾಡುತ್ತದೆ. ಸೀಲ್ ತೆಗೆದಿರುವಾಗಲೇ ವಾಲ್ವನ್ನು ಪಕ್ಕಕ್ಕೆ ಅಲ್ಲಾಡಿಸಿ ನೋಡಲು ಹೇಳಿ. ಕಣ್ಣಿಗೆ ಕಾಣುವಷ್ಟು ಆಡಿದರೆ ಗೈಡ್ (ವಾಲ್ವ್ ಜಾರುವ ಕೊಳವೆ) ಸವೆದಿದೆ ಎಂದು ಲೆಕ್ಕ. ಆಗ ಹೊಸ ಸೀಲ್ ಹೆಚ್ಚು ದಿನ ಬಾಳದು, ಹೆಡ್ ಇಳಿಸಿ ಗೈಡ್ ಕೆಲಸ ಮಾಡಿಸುವುದೇ ಸರಿ. ಹೆಡ್ ಇಳಿದರೆ ಟೈಮಿಂಗ್ ಬೆಲ್ಟ್, ಹೆಡ್ ಗ್ಯಾಸ್ಕೆಟ್ ಅದರ ಜೊತೆಗೇ ಹೊಸದಾಗಲಿ. ರಾಕರ್ ಶಾಫ್ಟ್ ಬಿಚ್ಚಿ ಕೂರಿಸಿದ ಮೇಲೆ ಟ್ಯಾಪೆಟ್ ಗ್ಯಾಪನ್ನು ಫೀಲರ್ ಗೇಜಿನಲ್ಲಿ ನೋಡಬೇಕು, ಕಿವಿಯಲ್ಲಿ ಅಲ್ಲ.

ಹಾಫ್ ಎಂಜಿನ್ ಅಂದವರಿಗೆ ಮೊದಲು ಕಂಪ್ರೆಷನ್ ಟೆಸ್ಟ್ ಕೇಳಿ. ಎಂಜಿನ್ ಬಿಸಿಯಿರಬೇಕು, ಮೂರೂ ಪ್ಲಗ್ ಹೊರಗೆ, ಇಗ್ನಿಷನ್ ಮತ್ತು ಪೆಟ್ರೋಲ್ ಬಂದ್, ಆಕ್ಸಿಲರೇಟರ್ ಪೂರ್ತಿ ಒತ್ತಿ ಐದಾರು ಸುತ್ತು ಕ್ರ್ಯಾಂಕ್. ಸಿಲಿಂಡರುಗಳ ನಡುವೆ ಚದರ ಸೆಂಟಿಮೀಟರಿಗೆ 1 ಕಿಲೋಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಟೀ ಚಮಚ ಆಯಿಲ್ ಹಾಕಿ ಮತ್ತೆ ನೋಡಿ: ಏರಿದರೆ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ), ಏರದಿದ್ದರೆ ವಾಲ್ವ್ ಕಡೆ. ಇಲ್ಲೊಂದು ಮೋಸ ಇದೆ. ಕಂಪ್ರೆಷನ್ ಹಿಡಿಯುವುದು ಮೇಲಿನ ಎರಡು ರಿಂಗ್, ಆಯಿಲ್ ಕೆರೆಯುವುದು ಮೂರನೆಯದು. ಆ ಮೂರನೆಯದು ಕಾರ್ಬನ್ ಕಟ್ಟಿ ಅಂಟಿಕೊಂಡಿದ್ದರೂ ಗೇಜ್ ಎಲ್ಲ ಚೆನ್ನಾಗಿದೆ ಅನ್ನುತ್ತದೆ. ಅಂಥ ಗಾಡಿಗೆ ಬಿಚ್ಚುವ ಮೊದಲು ಪ್ಲಗ್ ತೂತಿನಿಂದ ಸಿಲಿಂಡರಿಗೆ 30–40 ಎಂಎಲ್ ಕಾರ್ಬನ್ ಕರಗಿಸುವ ದ್ರಾವಣ ಹಾಕಿ ರಾತ್ರಿಯಿಡೀ ಬಿಡುವುದು ಒಳ್ಳೆಯದು. ಬೆಳಿಗ್ಗೆ ತೂತಿನ ಮೇಲೆ ಬಟ್ಟೆ ಹಾಕಿ, ಪ್ಲಗ್ ಇಲ್ಲದೆಯೇ ಕ್ರ್ಯಾಂಕ್ ಮಾಡಿ ಉಳಿದದ್ದನ್ನು ಹೊರಹಾಕಿ. ಪ್ಲಗ್ ಹಾಕಿ ಕ್ರ್ಯಾಂಕ್ ಮಾಡಿದರೆ ದ್ರವ ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಯಿಲ್ ಮತ್ತು ಫಿಲ್ಟರ್ ಬದಲಿಸಿದ ಮೇಲೆಯೇ ಸ್ಟಾರ್ಟ್.

ಬೋರ್ ನಿಜವಾಗಿ ಸವೆದಿದ್ದರೆ ಬರೀ ರಿಂಗ್ ಹಾಕಿಸುವುದು ದುಡ್ಡು ದಂಡ. ಬೋರ್ ಗೇಜಿನಲ್ಲಿ ಮೇಲೆ, ನಡುವೆ, ಕೆಳಗೆ ಅಳೆಸಿ, ಬೇಕಾದರೆ ಓವರ್‌ಸೈಜ್ ಪಿಸ್ಟನ್ನಿಗೆ ಬೋರ್ ಮಾಡಿಸಿ. ತೋಟದ ದಾರಿಯಲ್ಲಿ ಓಡುವ ಗಾಡಿಗಳ ಬೋರ್ ಬೇಗ ಸವೆಯುವುದಕ್ಕೆ ಬೇಸಿಗೆಯ ಧೂಳೂ ಒಂದು ಕಾರಣ. ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ ಮುರಿದು ದಾರ ಕಟ್ಟಿದ್ದರೆ ಹೊಸ ರಿಂಗಿಗೂ ಅದೇ ಗತಿ, ಕ್ಲಿಪ್ ಮೊದಲು ಹಾಕಿಸಿ.

ಖರ್ಚಿನ ಲೆಕ್ಕ ಹೀಗೆ: ವರ್ಷಕ್ಕೆ 8000 ಕಿ.ಮೀ. ಓಡುವ ಗಾಡಿ 1000ಕ್ಕೆ 400 ಎಂಎಲ್ ಕುಡಿದರೆ ವರ್ಷಕ್ಕೆ 3.2 ಲೀಟರ್, ಅಂದರೆ ಒಂದು ಆಯಿಲ್ ಚೇಂಜಿಗಿಂತ ಸ್ವಲ್ಪ ಹೆಚ್ಚು. ಐದಂಕಿಯ ಹಾಫ್ ಎಂಜಿನ್ ಬಿಲ್ಲಿನ ಮುಂದೆ ಇದು ಜುಜುಬಿ. ಹೊಗೆ ತಪಾಸಣೆಯಲ್ಲಿ ಪಾಸಾಗಿ, ಪ್ಲಗ್ ಪದೇ ಪದೇ ಒದ್ದೆಯಾಗದೆ ಇರುವವರೆಗೆ ಡಿಕ್ಕಿಯಲ್ಲಿ ಅದೇ ದರ್ಜೆಯ ಒಂದು ಲೀಟರ್ ಡಬ್ಬಿ ಇಟ್ಟುಕೊಂಡು, ಎರಡು ವಾರಕ್ಕೊಮ್ಮೆ ಡಿಪ್‌ಸ್ಟಿಕ್ ಎಳೆದು ನೋಡಿದರೆ ಸಾಕು. ಘಾಟಿ ಇಳಿಯುವ ದಿನ ಮಾತ್ರ ಹೊರಡುವ ಮೊದಲೇ ನೋಡಿ. ಮಟ್ಟ ಕೆಳಗಿನ ಗುರುತಿಗಿಂತಲೂ ಇಳಿದಿದ್ದರೆ ತಿರುವುಗಳಲ್ಲಿ ಆಯಿಲ್ ಒಂದು ಬದಿಗೆ ಸರಿದು ಪಂಪ್ ಗಾಳಿ ಎಳೆಯಬಹುದು, ಪ್ರೆಷರ್ ದೀಪ ಮಿನುಗಬಹುದು.