‘ಅಂಗೈ ತುಂಬುವ ಸ್ಟ್ರಾಬೆರಿ’ ಬೀಜ ಕೊಳ್ಳುವ ಮೊದಲು ನನ್ನ ಕಥೆ ಕೇಳಿ

ಈ ಮೇ ತಿಂಗಳಲ್ಲೂ ಶುರುವಾಗಿದೆ. ನಿನ್ನೆ ನಮ್ಮ ಪುಣೆಯ ಕನ್ನಡ ಹೆಣ್ಣುಮಕ್ಕಳ ವಾಟ್ಸಾಪ್ ಗುಂಪಿಗೆ ಅದೇ ಫೋಟೊ ಬಂತು. ಒಂದು ಅಂಗೈ, ಅದರ ತುಂಬ ಒಂದೇ ಒಂದು ಕೆಂಪು ಸ್ಟ್ರಾಬೆರಿ, ಕೆಳಗೆ ‘ನಿಮ್ಮ ಬಾಲ್ಕನಿಯಲ್ಲೇ ಬೆಳೆಯಿರಿ, 500 ಬೀಜಕ್ಕೆ ಬರೀ 299’. ನಾನು ನೋಡುವಷ್ಟರಲ್ಲಿ ನಾಲ್ಕು ಜನ ‘ಲಿಂಕ್ ಕಳಿಸ್ರಿ’ ಅಂತ ಕೇಳಿಯೂ ಆಗಿತ್ತು. ಅಲ್ಲೇ ಎರಡು ಸಾಲು ಹಾಕಿ ಸುಮ್ಮನಾಗಬೇಕು ಅಂದುಕೊಂಡೆ. ಆದರೆ ನನ್ನ ಕಥೆ ಎರಡು ಸಾಲಿನದಲ್ಲ. ಮೊದಲು 299 ಕಳೆದುಕೊಂಡೆ, ಆಮೇಲೆ 1,800 ಕಳೆದುಕೊಂಡೆ, ಅದರ ಮೇಲೆ ಕುಂಡ, ಮಣ್ಣು, ಟ್ಯಾಂಕರ್ ನೀರಿನ ಲೆಕ್ಕ ಬೇರೆ. ಮೊದಲ ವರ್ಷ ಕೈಗೆ ಬಂದದ್ದು ಬೋರೆಹಣ್ಣಿನಷ್ಟು ದಪ್ಪದ ಏಳು ಹಣ್ಣು. ಅದರಲ್ಲಿ ಎರಡು ಪಿಕಳಾರ ಹಕ್ಕಿಯ ಪಾಲು.

ಎರಡು ವರ್ಷದ ಹಿಂದೆ ಜನವರಿಯಲ್ಲಿ, ಸ್ಟ್ರಾಬೆರಿಗೆ ಹೆಸರಾದ ಮಹಾಬಳೇಶ್ವರದ ಪಕ್ಕದ ಪಂಚಗಣಿಗೆ ಹೋಗಿದ್ದೆವು. ಅಲ್ಲಿ ತೋಟದ ಬದಿಯಲ್ಲಿ ಬುಟ್ಟಿ ಹಿಡಿದು ಹಣ್ಣು ಬಿಡಿಸಿದ ಮೇಲೆ ಮಗಳಿಗೆ ಒಂದೇ ಹಟ, ಮನೆಯಲ್ಲೂ ಬೆಳೆಸೋಣ ಅಂತ. ಸಿಂಹಗಡ ರಸ್ತೆಯಲ್ಲಿ ನಮ್ಮದು ಮೇಲಿನ ಮಹಡಿ, ತಾರಸಿಯಲ್ಲಿ ಒಂದು ಮೂಲೆ ನಮ್ಮ ಪಾಲಿನದು. ಕರಿಬೇವು, ತುಳಸಿ, ದಾಸವಾಳ ಬೆಳೆಸಿ ಗೊತ್ತಿದ್ದ ಧೈರ್ಯ. ಹಾಗೆ ಮೇ ತಿಂಗಳ ಒಂದು ಮಧ್ಯಾಹ್ನ, ಹೊರಗೆ ನಲವತ್ತು ಡಿಗ್ರಿ ಉರಿಯುತ್ತಿರುವಾಗ, ಚಳಿಗಾಲದ ಹಣ್ಣಿನ ಬೀಜಕ್ಕೆ ಆರ್ಡರ್ ಮಾಡಿದೆ. ಆ ಜಾಹೀರಾತಿನಲ್ಲಿ ಕೆಂಪು ಹಣ್ಣಿನ ಪಕ್ಕದಲ್ಲೇ ನೀಲಿ ಸ್ಟ್ರಾಬೆರಿಯ ಚಿತ್ರವೂ ಇತ್ತು. ಅಲ್ಲೇ ಎಚ್ಚರವಾಗಬೇಕಿತ್ತು. ನೀಲಿ ಸ್ಟ್ರಾಬೆರಿ ಅನ್ನುವುದು ಭೂಮಿಯ ಮೇಲೆ ಇಲ್ಲ, ಅದನ್ನು ಮಾರುವವನು ಉಳಿದದ್ದರ ಬಗ್ಗೆ ನಿಜ ಹೇಳುತ್ತಾನೆ ಅಂತ ನಂಬಿದ್ದು ನನ್ನ ಜಾಣತನ.

ಪೊಟ್ಟಣ ಬಂತು. ಮೇಲೆ ತಳಿಯ ಹೆಸರಿಲ್ಲ, ಲಾಟ್ ನಂಬರಿಲ್ಲ, ಬೀಜ ಪರೀಕ್ಷೆ ಮಾಡಿದ ತಾರೀಖಿಲ್ಲ, ಮಾರುವವರ ವಿಳಾಸವೂ ಇಲ್ಲ. ಜಿಪ್ ಕವರಿನೊಳಗೆ ಹೊಳೆಯುವ ಕಪ್ಪು ಕಾಳು, ಸಾಸಿವೆಗಿಂತ ಸಣ್ಣವು. ಸ್ಟ್ರಾಬೆರಿ ಹಣ್ಣಿನ ಮೈಮೇಲೆ ಅಂಟಿಕೊಂಡ ಬೀಜ ಹೇಗಿರುತ್ತದೆ ಅಂತ ಒಮ್ಮೆ ನೆನಪು ಮಾಡಿಕೊಂಡಿದ್ದರೆ ಸಾಕಿತ್ತು. ಅದು ಮಾಸಲು ಕಂದು, ಒಂದು ತುದಿ ಚೂಪು, ಹೊಳಪಿಲ್ಲ. ನಾನು ನೆನಪು ಮಾಡಿಕೊಳ್ಳಲಿಲ್ಲ. ಬಿತ್ತಿದೆ, ದಿನಾ ಎರಡು ಹೊತ್ತು ನೀರು ಚಿಮುಕಿಸಿದೆ. ನಾಲ್ಕೇ ದಿನಕ್ಕೆ ಮೊಳಕೆ ಬಂದಾಗ ಮನೆಯವರಿಗೆಲ್ಲ ಕರೆದು ತೋರಿಸಿದೆ. ಸ್ಟ್ರಾಬೆರಿ ಬೀಜ ಎರಡು ಮೂರು ವಾರಕ್ಕೆ ಮೊದಲು ಸಾಮಾನ್ಯವಾಗಿ ಏಳುವುದಿಲ್ಲ, ಹಲವು ಸಲ ಅದಕ್ಕೂ ಮೊದಲು ಫ್ರಿಜ್ಜಿನಲ್ಲಿ ಕೆಲವು ವಾರ ತಂಪು ಕೊಡಬೇಕಾಗುತ್ತದೆ ಅಂತ ಆಮೇಲೆ ತಿಳಿಯಿತು.

ಜೂನ್ ಮಧ್ಯಕ್ಕೆ ಹುಬ್ಬಳ್ಳಿಯಿಂದ ನಮ್ಮತ್ತೆ ಬಂದರು. ಅವರಿಗೆ ನನ್ನ ತೋಟ ತೋರಿಸುವ ಮೊದಲು ಒಂದು ಫಜೀತಿ ಆಯಿತು. ಕೆಲಸಕ್ಕೆ ಬರುವ ಮಾವಶಿ ಹೂಕುಂಡಕ್ಕೆ ಮರಾಠಿಯಲ್ಲಿ ಅನ್ನುವ ಹಾಗೆ ‘ಕುಂಡಿ’ ಅಂತಲೇ ಅಂದು, ‘ನಿಮ್ಮದು ಎಷ್ಟು ದೊಡ್ಡದು, ಎತ್ತಲಿಕ್ಕೇ ಆಗಲ್ಲ’ ಅಂದಳು. ಕುಂಡಕ್ಕೆ ಇಲ್ಲಿ ಅದೇ ಪದ ಅಂತ ಅತ್ತೆಗೆ ವಿವರಿಸಿ ಮುಗಿಸುವಷ್ಟರಲ್ಲಿ ಅವರು ನಗುತ್ತ ಕೆಮ್ಮಿ ನೀರು ಕುಡಿಯಬೇಕಾಯಿತು. ಪುಣೆಯಲ್ಲಿ ಇರುವ ಕನ್ನಡದವರಿಗೆಲ್ಲ ಈ ಪದ ಒಂದಲ್ಲ ಒಂದು ದಿನ ಎದುರಾಗಿಯೇ ಇರುತ್ತದೆ. ಇರಲಿ. ತಾರಸಿಗೆ ಬಂದು ಕುಂಡ ನೋಡಿದವರೇ ಅತ್ತೆ ಅಂದರು, “ಯವ್ವಾ, ಇದು ರಾಜಗಿರಿ ಐತಲ್ಲ! ಇದಕ್ಕ ಮುನ್ನೂರು ರೂಪಾಯಿ ಕೊಟ್ಟಿ ಏನಬೇ? ನಮ್ಮ ಹಿತ್ತಲದಾಗ ತಾನಾಗೇ ಏಳತೈತಿ.” ರಾಜಗಿರಿ ಪಲ್ಲೆ ಮಾಡೋಣ ಅಂತ ಅವರು ಕಿತ್ತುಕೊಂಡೂ ಬಂದರು. ನಾನು ಬೇಡ ಅಂದೆ. ಬಿತ್ತನೆ ಬೀಜಕ್ಕೆ ಏನೇನೋ ಔಷಧ ಸವರಿರುತ್ತಾರೆ, ಎಲ್ಲಿಂದ ಬಂತೆಂದೇ ಗೊತ್ತಿಲ್ಲದ ಬೀಜದ ಸೊಪ್ಪನ್ನು ತಿನ್ನುವುದು ಹೇಗೆ? 2020ರಲ್ಲಿ ಹೊರದೇಶದಿಂದ ಯಾರೂ ತರಿಸದ ಬೀಜದ ಪೊಟ್ಟಣಗಳು ಮನೆಮನೆಗೆ ಬರುತ್ತಿವೆ, ಎಚ್ಚರವಾಗಿರಿ ಅಂತ ಕೇಂದ್ರ ಕೃಷಿ ಸಚಿವಾಲಯವೇ ಹೇಳಿದ್ದು ನೆನಪಿತ್ತು. ಅತ್ತೆಗೆ ಮಾತ್ರ ಅಷ್ಟು ಎಳೆ ಸೊಪ್ಪು ಕಸಕ್ಕೆ ಹೋಯಿತಲ್ಲ ಅಂತ ಈಗಲೂ ಬೇಜಾರಿದೆ.

ಒಂದು ವೇಳೆ ಅವು ನಿಜವಾದ ಸ್ಟ್ರಾಬೆರಿ ಬೀಜಗಳೇ ಆಗಿದ್ದರೂ ದೊಡ್ಡ ಹಣ್ಣು ಸಿಗುವ ಭರವಸೆ ಇರಲಿಲ್ಲ. ಇದನ್ನು ದಯವಿಟ್ಟು ಗಮನಿಸಿ, ಏಕೆಂದರೆ ‘ನಾನು ಒಳ್ಳೆ ಕಂಪನಿ ಬೀಜ ತರಿಸ್ತೀನಿ ಬಿಡಿ’ ಅನ್ನುವವರು ಇದ್ದಾರೆ. ನಾವು ತಿನ್ನುವ ದೊಡ್ಡ ಸ್ಟ್ರಾಬೆರಿ ಎರಡು ಅಮೆರಿಕಗಳ ಮಗು. 1714ರಲ್ಲಿ ಫ್ರೆಜಿಯೆ ಎಂಬ ಫ್ರೆಂಚ್ ಅಧಿಕಾರಿ ಚಿಲಿ ದೇಶದಿಂದ ದಪ್ಪ ಹಣ್ಣಿನ ಗಿಡಗಳನ್ನು ಫ್ರಾನ್ಸಿಗೆ ತಂದ. ಎಲ್ಲವೂ ಹೆಣ್ಣು ಗಿಡಗಳು, ಪರಾಗವಿಲ್ಲದೆ ಬಂಜೆಯಾಗಿ ನಿಂತವು. ಆಮೇಲೆ ಪಕ್ಕದಲ್ಲಿ ಉತ್ತರ ಅಮೆರಿಕದ ವರ್ಜೀನಿಯಾ ಸ್ಟ್ರಾಬೆರಿ ಬೆಳೆದಾಗ ಹಣ್ಣು ಕಚ್ಚಿತು, ಅದರ ಬೀಜದಿಂದ ಹೊಸ ಜಾತಿಯೇ ಹುಟ್ಟಿತು. ಅದು ಹೀಗೆ ಹುಟ್ಟಿದ ಮಿಶ್ರತಳಿ ಅಂತ 1766ರಲ್ಲಿ ಗುರುತಿಸಿದವನು ಡ್ಯುಶೆನ್. ಈ ಜಾತಿಯ ಒಂದೊಂದು ಜೀವಕೋಶದಲ್ಲಿ ವರ್ಣತಂತುಗಳ ಎಂಟು ಗುಂಪುಗಳಿವೆ, ನಮ್ಮಲ್ಲಿರುವುದು ಎರಡೇ. ಹಾಗಾಗಿ ಒಂದೇ ಹಣ್ಣಿನ ಬೀಜ ಹಾಕಿದರೂ ಎದ್ದ ಗಿಡಗಳು ಒಂದರಂತೆ ಒಂದಿರುವುದಿಲ್ಲ. ತಾಯಿಯ ಗಾತ್ರ ಮಗಳಿಗೆ ಬಂದೀತು ಅನ್ನುವ ಭರವಸೆ ಇಲ್ಲ. ಬೀಜದಿಂದ ತಾಯಿಯಂತೆಯೇ ಬರುವ ಸ್ಟ್ರಾಬೆರಿ ಒಂದಿದೆ, ಆಲ್ಪೈನ್ ಅನ್ನುತ್ತಾರೆ, ಅದರ ಹಣ್ಣು ಉಗುರಿನಷ್ಟು. ದೊಡ್ಡ ಹಣ್ಣಿನ ತಳಿ ಬೇಕೆಂದರೆ ತಾಯಿಗಿಡ ಬಿಟ್ಟ ಹಂಬಿನ ತುದಿಯಲ್ಲಿ ಬೇರೂರಿದ ಮರಿ ಬೇಕು. ರೈತರು ಅದಕ್ಕೆ ರನ್ನರ್ ಅಂತಲೇ ಅನ್ನುವುದು.

ಇಷ್ಟು ಓದಿಕೊಂಡ ಮೇಲೆ ನಾನು ಜಾಣೆಯಾದೆ ಅಂದುಕೊಂಡೆ. ಎರಡನೇ ಸಲ ಬಿದ್ದದ್ದು ಆ ಜಾಣತನದಿಂದಲೇ. ಜುಲೈಯಲ್ಲಿ ತೋಟಗಾರಿಕೆಯ ಒಂದು ಗುಂಪಿನಲ್ಲಿ ಒಬ್ಬಾತ ‘ಎಕ್ಸ್ಟ್ರಾ ಲಾರ್ಜ್ ಮಹಾಬಳೇಶ್ವರ ಗಿಡ’ ಅಂತ ಹಾಕಿದ್ದ. ಬೀಜವಲ್ಲ, ಗಿಡ! ಹನ್ನೆರಡಕ್ಕೆ 1,800, ಮುಂಗಡ ಪೂರ್ತಿ, ಯುಪಿಐನಲ್ಲಿ. ತಳಿ ಯಾವುದು ಅಂತ ಕೇಳಿದೆ. ‘ಜಂಬೋ ಮೇಡಂ’ ಅಂದ. ನಾನು ದುಡ್ಡು ಹಾಕಿದೆ.

ಬಸ್ ಪಾರ್ಸೆಲ್ಲಿನಲ್ಲಿ ಬಂದ ಗಿಡಗಳ ಬುಡ ಹೆಬ್ಬೆರಳಿನಷ್ಟು ದಪ್ಪ, ಕಟ್ಟಿಗೆಯಂತೆ ಗಟ್ಟಿ, ಬೇರು ಕಪ್ಪು. ದಪ್ಪ ಬುಡ ನೋಡಿ ಖುಷಿಪಟ್ಟೆ! ಸತ್ಯ ಏನೆಂದರೆ ಮಹಾಬಳೇಶ್ವರ, ವಾಯಿ ಕಡೆ ತಾಯಿಗಿಡಗಳಿಂದ ಮರಿ ಎಬ್ಬಿಸುವುದೇ ಮಳೆಗಾಲದಲ್ಲಿ. ಆ ಮರಿ ನಾಟಿಗೆ ಸಿದ್ಧವಾಗುವುದು ಸೆಪ್ಟೆಂಬರ್ ಹೊತ್ತಿಗೆ. ಜುಲೈಯಲ್ಲಿ ‘ಹೊಸ ಗಿಡ’ ಮಾರುತ್ತಿದ್ದಾರೆ ಅಂದರೆ ಅದು ಏಪ್ರಿಲ್ ಸುಮಾರಿಗೆ ಹಣ್ಣು ಮುಗಿದ ತೋಟದಿಂದ ಕಿತ್ತ ಹಳೆ ಗಿಡ ಇರುವ ಸಾಧ್ಯತೆಯೇ ಹೆಚ್ಚು. ಹೊಸ ಮರಿಯ ಬೇರು ಬೆಳ್ಳಗೆ ಅಥವಾ ಕೆನೆ ಬಣ್ಣ, ಬುಡ ಪೆನ್ಸಿಲ್ ದಪ್ಪ, ಮೂರು ನಾಲ್ಕು ಎಲೆ. ನನ್ನ ಹನ್ನೆರಡರಲ್ಲಿ ಏಳು ಗಣಪತಿ ಹಬ್ಬಕ್ಕೆ ಮೊದಲೇ ಕೊಳೆತವು. ಫೋಟೊ ಕಳಿಸಿದೆ. ‘ನೀರು ಜಾಸ್ತಿ ಹಾಕಿದ್ದೀರಿ’ ಅಂದ. ಇನ್ನೊಮ್ಮೆ ಕಳಿಸಿದೆ. ಬ್ಲಾಕ್ ಮಾಡಿದ.

ಎಲ್ಲ ತಪ್ಪನ್ನೂ ಅವನ ತಲೆಗೆ ಕಟ್ಟುವುದಿಲ್ಲ, ಉಳಿದ ಐದನ್ನು ಹಾಳು ಮಾಡಿದ್ದರಲ್ಲಿ ನನ್ನ ಕೈಯೂ ಇದೆ. ಟೊಮೇಟೊ ಸಸಿಯಂತೆ ಆಳಕ್ಕೆ ನೆಟ್ಟೆ. ಸ್ಟ್ರಾಬೆರಿಯ ಎಲೆಗಳೆಲ್ಲ ಒಂದು ಗಂಟಿನಿಂದ ಏಳುತ್ತವಲ್ಲ, ಆ ಗಂಟು ಸರಿಯಾಗಿ ಮಣ್ಣಿನ ಮಟ್ಟಕ್ಕೇ ಇರಬೇಕು. ಹೂತರೆ ಕೊಳೆಯುತ್ತದೆ, ಎತ್ತರವಾದರೆ ಒಣಗುತ್ತದೆ. ‘ದೊಡ್ಡ ಹಣ್ಣು ಬೇಕಲ್ಲ’ ಅಂತ ಹದಿನೈದು ದಿನಕ್ಕೊಮ್ಮೆ ಯೂರಿಯಾ ಕೊಟ್ಟೆ. ಎಲೆ ಕೆಸುವಿನಂತೆ ಹರಡಿತು, ಹಂಬು ಮೇಲೆ ಹಂಬು, ಹೂ ಮಾತ್ರ ಇಲ್ಲ. ನೀರಿನ ವಿಷಯ ನಮ್ಮ ಕಡೆಯವರಿಗೆ ಮುಖ್ಯ. ನಮ್ಮ ಸೊಸೈಟಿಗೆ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು, ಬಕೆಟ್ಟಿನ ಅಂಚಿಗೆ ಬಿಳಿ ಪದರ ಕಟ್ಟುವಂಥದ್ದು. ಸ್ಟ್ರಾಬೆರಿಗೆ ತುಸು ಹುಳಿ ಮಣ್ಣು ಬೇಕು, ಪಿಎಚ್ 5.5ರಿಂದ 6.5. ಉಪ್ಪು ಅದಕ್ಕೆ ಆಗುವುದೇ ಇಲ್ಲ. ಎಲೆ ಹಳದಿ, ನರ ಮಾತ್ರ ಹಸಿರು, ಅಂಚು ಸುಟ್ಟಂತೆ. ನಾನು ಅದನ್ನು ಹಸಿವು ಅಂತ ತಿಳಿದು ಮತ್ತಷ್ಟು ಗೊಬ್ಬರ ಹಾಕಿದೆ. ತೊಳೆಯದ ಕೊಕೊಪೀಟಿನಲ್ಲೂ, ಅಂದರೆ ತೆಂಗಿನ ನಾರಿನ ಪುಡಿಯಲ್ಲೂ, ಉಪ್ಪು ಇರುತ್ತದೆ, ಅದನ್ನೂ ಹಾಗೇ ಸುರಿದಿದ್ದೆ.

ಡಿಸೆಂಬರಿನಲ್ಲಿ ಬಂದ ಆ ಏಳು ಹಣ್ಣು ಸೊಟ್ಟಸೊಟ್ಟ, ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಮುರುಟಿದ್ದವು. ಅದಕ್ಕೂ ಕಾರಣವಿದೆ. ಹಣ್ಣಿನ ಮೇಲಿನ ಒಂದೊಂದು ಬೀಜವೂ ಪರಾಗ ಸಿಕ್ಕರೆ ಮಾತ್ರ ತನ್ನ ಸುತ್ತಲಿನ ತಿರುಳನ್ನು ಉಬ್ಬಿಸುತ್ತದೆ. ಪರಾಗ ಸಿಗದ ಕಡೆ ಹಣ್ಣು ಬೆಳೆಯುವುದೇ ಇಲ್ಲ. ಎಂಟನೇ ಮಹಡಿಗೆ ಜೇನುಹುಳ ಅಪರೂಪ. ಮಗಳ ಬಣ್ಣದ ಕುಂಚದಲ್ಲಿ ಹೂವಿನ ಮೇಲೆ ಮೆಲ್ಲಗೆ ಆಡಿಸಿದ್ದರೆ ಸಾಕಿತ್ತು.

ಆ ಫೆಬ್ರವರಿಯಲ್ಲಿ, ಸಿಟ್ಟಿಗೋ ಹಟಕ್ಕೋ, ಕಾರು ಹತ್ತಿ ವಾಯಿಗೆ ಹೋದೆವು. ಕಾತ್ರಜ ದಾಟಿ, ಖಂಬಾಟಕಿ ಘಾಟ್ ಇಳಿದು, ಸುರೂರಿನಲ್ಲಿ ತಿರುಗಿದರೆ ವಾಯಿ. ರಸ್ತೆ ಬದಿಯ ಒಬ್ಬ ರೈತರ ಹತ್ತಿರ ನನ್ನ ಫೋನಿನ ಜಾಹೀರಾತು ತೋರಿಸಿದೆ. ಅವರು ನಗಲಿಲ್ಲ, ದಿನಕ್ಕೊಬ್ಬರು ತೋರಿಸುತ್ತಾರೇನೋ. “ತಾಈ, ದೊಡ್ಡದು ಅನ್ನೋ ತಳಿ ಇಲ್ಲ. ತಳಿಗೆ ಹೆಸರಿರತ್ತೆ,” ಅಂತ ಮರಾಠಿಯಲ್ಲಿ ಹೇಳಿ ತಮ್ಮ ಸಾಲುಗಳನ್ನು ತೋರಿಸಿದರು. ಇದು ವಿಂಟರ್ ಡಾನ್, ಅದು ಸ್ವೀಟ್ ಚಾರ್ಲಿ, ಆಚೆಯದು ನಾಬಿಲಾ. ವಿಂಟರ್ ಡಾನ್, ಸ್ವೀಟ್ ಚಾರ್ಲಿ ಎರಡೂ ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ತಳಿಗಳು. 2010ರಲ್ಲಿ ಆ ಊರಿನ ಹೆಸರಿನಲ್ಲೇ ಭೌಗೋಳಿಕ ಗುರುತು (ಜಿಐ) ಪಡೆದ ಮಹಾಬಳೇಶ್ವರ ಸ್ಟ್ರಾಬೆರಿಯ ತಾಯಿಗಿಡಗಳು ಹೊರದೇಶದಿಂದ ಬರುತ್ತವೆ ಅನ್ನುವುದು ನನಗೆ ಅಂದೇ ಗೊತ್ತಾದದ್ದು. ಬೆಟ್ಟದ ಹವೆಯೂ ಗಿಡದಷ್ಟೇ ಮುಖ್ಯ. ಮಹಾಬಳೇಶ್ವರ ಸಮುದ್ರಮಟ್ಟದಿಂದ ಸುಮಾರು 1,370 ಮೀಟರ್ ಎತ್ತರ, ನಮ್ಮ ಪುಣೆ 560.

ಇನ್ನು ಆ ಅಂಗೈ ತುಂಬುವ ಹಣ್ಣು. ಒಂದು ಗೊಂಚಲಿನಲ್ಲಿ ಮೊದಲು ಅರಳಿದ ಹೂವಿನ ಹಣ್ಣೇ ಎಲ್ಲಕ್ಕಿಂತ ದೊಡ್ಡದು, ಮುಂದಿನವು ಒಂದಕ್ಕಿಂತ ಒಂದು ಸಣ್ಣವು. ಫೋಟೊ ತೆಗೆಯುವವರು ತೆಗೆಯುವುದು ಆ ಮೊದಲನೆಯದನ್ನೇ, ಅದನ್ನೂ ಮಗುವಿನ ಅಂಗೈಯಲ್ಲಿಟ್ಟು. ಗಿನ್ನೆಸ್ ದಾಖಲೆಯ ಹಣ್ಣು 2021ರಲ್ಲಿ ಇಸ್ರೇಲಿನಲ್ಲಿ ಬೆಳೆದದ್ದು, 289 ಗ್ರಾಂ, ಇಲಾನ್ ಎಂಬ ತಳಿ. ಅಂಥದ್ದು ಇರುವುದು ಸುಳ್ಳಲ್ಲ. 299 ರೂಪಾಯಿಯ ಪೊಟ್ಟಣದಲ್ಲಿ ಇರುವುದು ಸುಳ್ಳು. ಹೋದ ಅಕ್ಟೋಬರಿನಲ್ಲಿ ಅದೇ ರೈತರಿಂದ ವಿಂಟರ್ ಡಾನ್ ಮರಿ ಹತ್ತು ತಂದೆ, ಗಂಟು ಹೂಳದೆ ನೆಟ್ಟೆ, ಟ್ಯಾಂಕರ್ ನೀರಿನ ಬದಲು ಮಳೆಗಾಲದಲ್ಲಿ ಡ್ರಮ್ಮಿನಲ್ಲಿ ಹಿಡಿದಿಟ್ಟ ನೀರು ಹಾಕಿದೆ, ಕುಂಚವನ್ನೂ ಆಡಿಸಿದೆ. ಅತಿ ದೊಡ್ಡ ಹಣ್ಣು ಅಡುಗೆಮನೆಯ ತಕ್ಕಡಿಯಲ್ಲಿ 31 ಗ್ರಾಂ ತೂಗಿತು. ಮಿಕ್ಕವು ಹತ್ತು ಹನ್ನೆರಡು ಗ್ರಾಂ. ಚೆನ್ನಾಗಿ ಕೆಂಪಾಗುವವರೆಗೆ ಗಿಡದಲ್ಲೇ ಬಿಟ್ಟಿದ್ದೆ, ಕಿತ್ತ ಮೇಲೆ ಈ ಹಣ್ಣು ಸಿಹಿಯಾಗುವುದಿಲ್ಲ. ಅಂಗಡಿಯ ಡಬ್ಬಿಯ ಹಣ್ಣಿಗಿಂತ ಗಾತ್ರದಲ್ಲಿ ಸಣ್ಣವು, ರುಚಿಯಲ್ಲಿ ಅಲ್ಲ.

ಹಾಗಾಗಿ ಗುಂಪಿನಲ್ಲಿ ಲಿಂಕ್ ಕೇಳಿದ ಅಕ್ಕಂದಿರೇ, ಮಾರುವವನಿಗೆ ತಳಿಯ ಹೆಸರು ಕೇಳಿ. ಜಂಬೋ, ಜೈಂಟ್, ಹೈಬ್ರಿಡ್ ಅಂದರೆ ಅಲ್ಲಿಗೇ ಫೋನ್ ಇಡಿ. ಗಿಡವಾದರೆ ಬೇರಿನ ವಿಡಿಯೊ ತರಿಸಿ, ಸೆಪ್ಟೆಂಬರ್ ಕೊನೆಗೆ ಮೊದಲು ಕೊಳ್ಳಲೇಬೇಡಿ. ಪೂರ್ತಿ ಮುಂಗಡ ಕೊಡಬೇಡಿ. ಕೊಟ್ಟು ಮೋಸ ಹೋದರೆ ನನ್ನ ಹಾಗೆ ಎರಡು ತಿಂಗಳು ಚೌಕಾಸಿ ಮಾಡುತ್ತ ಕೂರದೆ ಅದೇ ದಿನ 1930ಕ್ಕೆ ಫೋನ್ ಮಾಡಿ, ಆನ್‌ಲೈನ್ ಹಣದ ವಂಚನೆಗೆ ಇರುವ ಸಹಾಯವಾಣಿ ಅದು, ತಡವಾದಷ್ಟೂ ಹಣ ಕೈ ತಪ್ಪುತ್ತದೆ. ಅಂಗಡಿ ಜಾಲತಾಣದಲ್ಲಿ ಕೊಂಡ ವಸ್ತುವಿನ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ನಾನು ರಾಜಗಿರಿಯ ಫೋಟೊ, ಜಾಹೀರಾತಿನ ಸ್ಕ್ರೀನ್‌ಶಾಟ್ ಎರಡನ್ನೂ ಕೊಟ್ಟು ಅಲ್ಲಿ ದೂರು ಹಾಕಿದೆ, 299 ವಾಪಸ್ ಬಂತು. 1,800 ಬರಲಿಲ್ಲ.

ಆ ಗಿಡ ಮಾರಿದವನು ಕಳಿಸಿದ ಥರ್ಮಾಕೋಲ್ ಡಬ್ಬಿಯಲ್ಲಿ ಅತ್ತೆ ಈಗ ಮೆಂತ್ಯ ಹಾಕಿದ್ದಾರೆ. ಪಕ್ಕದ ಕುಂಡದಲ್ಲಿ ಹುಬ್ಬಳ್ಳಿಯಿಂದ ತಂದ ರಾಜಗಿರಿ ಎದ್ದಿದೆ, ಅದಕ್ಕೆ ಯಾವ ಜಾಹೀರಾತೂ ಬೇಕಾಗಲಿಲ್ಲ.