ಟಿಫಿನ್ ಡಬ್ಬಿಯ ಫೋನ್ ಹೋಲ್ಡರ್ ಕಟ್ಟಿಕೊಂಡು ಘಾಟಿ ಇಳಿಯಬೇಡಿ

ಮಳೆಗಾಲದ ಸೈಕಲ್ ಪ್ರವಾಸಕ್ಕೆ ಮನೆಯಲ್ಲೇ ಫೋನ್ ಹೋಲ್ಡರ್ ಮಾಡಿಕೊಳ್ಳುವ ಯೋಚನೆ ಇದ್ದರೆ ದಯವಿಟ್ಟು ಇದನ್ನೊಮ್ಮೆ ಓದಿ ಆಮೇಲೆ ಕೈಹಾಕಿ. ನಾನು ಮಾಡಿದ ಡಬ್ಬಿಯ ದೆಸೆಯಿಂದ ಕಳೆದ ಜುಲೈಯಲ್ಲಿ ಅಕ್ಕನ ಮಗನ ಕಾಲರ್ ಮೂಳೆ ಮುರಿಯಿತು.

ಪಾರದರ್ಶಕ ಮುಚ್ಚಳದ, ರಬ್ಬರ್ ಅಂಚಿನ ಪ್ಲಾಸ್ಟಿಕ್ ಟಿಫಿನ್ ಡಬ್ಬಿ. ಒಳಗೆ ಸ್ಪಂಜು. ಹ್ಯಾಂಡಲ್‌ಗೆ ಪಿವಿಸಿ ಪೈಪಿನ ಕ್ಲಾಂಪ್, ಎರಡನ್ನೂ ಬೆಸೆಯಲು ಎಪಾಕ್ಸಿ ಪುಟ್ಟಿ. ಪವರ್ ಬ್ಯಾಂಕಿನ ವೈರಿಗೆ ಪಕ್ಕದಲ್ಲೊಂದು ತೂತು, ಸುತ್ತ ಸಿಲಿಕೋನ್. ಬಚ್ಚಲಲ್ಲಿ ಹತ್ತು ನಿಮಿಷ ನಲ್ಲಿ ಕೆಳಗಿಟ್ಟೆ, ಒಳಗಿನ ಟಿಶ್ಯೂ ಪೇಪರ್ ಒದ್ದೆಯಾಗಲಿಲ್ಲ. ಅಷ್ಟಕ್ಕೇ ನಂಬಿಬಿಟ್ಟೆ. ಹೊರಡುವಾಗ ಹುಡುಗನಿಗೆ, "ನನ್ನದಿದೆಯಲ್ಲ, ನಿನ್ನದನ್ನು ಯಾಕೆ ನೆನೆಸ್ತೀಯ" ಎಂದು ಅವನ ಫೋನನ್ನು ಮನೆಯಲ್ಲೇ ಬಿಡಿಸಿದೆ. ಆ ಮಾತು ಈಗಲೂ ಚುಚ್ಚುತ್ತದೆ.

ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಹತ್ತುವಾಗಲೇ ಮುಚ್ಚಳದ ಒಳಮೈ ಮಂಜಾಯಿತು. ಕರಾವಳಿಯ ತೇವದ ಗಾಳಿಯನ್ನೇ ಒಳಗಿಟ್ಟು ಮುಚ್ಚಿದ್ದೆ. ಜಿಪಿಎಸ್ ಮತ್ತು ಪೂರ್ತಿ ಬೆಳಕಿನ ಪರದೆಯಿಂದ ಫೋನ್ ಬಿಸಿ, ಮಳೆ ಹೊಡೆದು ಮುಚ್ಚಳ ತಣ್ಣಗೆ. ಒಳಗಿನ ತೇವವೆಲ್ಲ ಅಲ್ಲಿ ಹನಿಗಟ್ಟಿತು. ನಲ್ಲಿ ಪರೀಕ್ಷೆಯಲ್ಲಿ ಇದು ಕಾಣುವುದೇ ಇಲ್ಲ. ಅದರ ಮೇಲೆ, ಮಳೆನೀರು ವೈರಿನ ಗುಂಟ ಹರಿದು ತೂತಿನ ತನಕ ಬಂದು ಒಳಗೆ ಜಿನುಗಿತ್ತು. ಚಾರ್ಜಿಂಗ್ ಪೋರ್ಟ್‌ನಲ್ಲಿ ತೇವ ಇದೆಯೆಂದು ಫೋನ್ ಚಾರ್ಜ್ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಅಲ್ಲೇ ಬಿಚ್ಚಿ ಜೇಬಿಗೆ ಹಾಕಿಕೊಳ್ಳಬೇಕಿತ್ತು. ಹಾಕಲಿಲ್ಲ.

ಇಳಿಯುವಾಗ, 14 ಹೇರ್‌ಪಿನ್ ತಿರುವುಗಳ ಆ ಘಾಟಿಯ ನಡುವೆ ಎಲ್ಲೋ, ಚಕ್ರ ಒಂದು ಗುಂಡಿಗೆ ಬಿತ್ತು. ಪುಟ್ಟಿ ಕ್ಲಾಂಪಿನಲ್ಲೇ ಉಳಿಯಿತು, ಡಬ್ಬಿ ಸಿಪ್ಪೆ ಬಿಟ್ಟಂತೆ ಕಳಚಿ ಹಾರಿ ತಡೆಗೋಡೆಯಾಚೆ ಹೋಯಿತು. ನಾನು ಯೋಚಿಸದೆ ಬ್ರೇಕ್ ಹಿಡಿದೆ. ಹಿಂದಿದ್ದ ಹುಡುಗ ನನ್ನ ಚಕ್ರಕ್ಕೆ ತಗುಲಿ ಭುಜದ ಮೇಲೆ ಬಿದ್ದ.

ನೋವಿಗೆ ಅವನ ಮುಖ ಬಿಳಿಚಿಕೊಂಡಿತ್ತು. ಕರೆ ಮಾಡಲು ಫೋನಿಲ್ಲ. ಸುರಿಯುವ ಮಳೆಯಲ್ಲಿ ರಸ್ತೆಯಂಚಿಗೆ ಅವನನ್ನು ಕೂರಿಸಿಕೊಂಡು, ಬರುವ ಗಾಡಿಗೆಲ್ಲ ಕೈ ಅಡ್ಡ ಹಿಡಿದೆ. ಕೊನೆಗೆ ಒಬ್ಬ ಟೆಂಪೋ ಚಾಲಕರು ನಿಲ್ಲಿಸಿ ಹೆಬ್ರಿಗೆ ಕರೆದೊಯ್ದರು. ಅವರ ಹೆಸರು ಕೇಳಲೂ ತೋಚಲಿಲ್ಲ.

ಆಮೇಲೆ ತಿಳಿದದ್ದು: ಇಂಥ ಟಿಫಿನ್ ಡಬ್ಬಿಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್‌ನವು. ತಳದಲ್ಲಿ ತ್ರಿಕೋನದೊಳಗೆ 5 ಎಂದಿರುತ್ತದೆ. ಈ ಪ್ಲಾಸ್ಟಿಕ್ಕಿಗೆ ಎಪಾಕ್ಸಿಯಾಗಲಿ ಸೂಪರ್ ಗ್ಲೂ ಆಗಲಿ ಸರಿಯಾಗಿ ಹಿಡಿಯುವುದಿಲ್ಲ. ಒಣಗಿದಾಗ ಕಲ್ಲಿನಂತೆ ಕಾಣುತ್ತದೆ, ನಾಲ್ಕು ಸಲ ಅದುರಿದರೆ ಬಿಡುತ್ತದೆ. ಬಿಸಿಲಿಗಾದರೂ ಆದೀತೆ ಅಂದರೆ ಅದೂ ಇಲ್ಲ, ಮುಚ್ಚಿದ ಡಬ್ಬಿಯಲ್ಲಿ ಫೋನ್ ಇನ್ನೂ ಬೇಗ ಕಾಯುತ್ತದೆ, ಲಿಥಿಯಂ ಬ್ಯಾಟರಿಗೆ ಅದು ಒಳ್ಳೆಯದಲ್ಲ.

ಮಾಡಲೇಬೇಕು ಅನ್ನುವವರು ಡಬ್ಬಿ ಬಿಟ್ಟು ಸೂರು ಮಾಡಿ. ಮಲೆನಾಡಿನ ಹೆಂಚಿನ ಮನೆ ನೋಡಿ, ಮಾಡು ಮಳೆಯನ್ನು ಆಚೆ ಚೆಲ್ಲುತ್ತದೆ, ಗಾಳಿ ಮಾತ್ರ ಆಡುತ್ತಲೇ ಇರುತ್ತದೆ. ಹಾಗೆಯೇ ಫೋನಿನ ಮೇಲೆ ಇಳಿಜಾರು ಮರೆ, ಕೆಳಗೆ ತೆರೆದ ಜಾಗ. ಅಂಟನ್ನು ನಂಬದೆ ಬೋಲ್ಟು, ವಾಷರ್ ಹಾಕಿ ಬಿಗಿಯಿರಿ, ಕ್ಲಾಂಪಿನಡಿ ಹಳೇ ಟ್ಯೂಬಿನ ತುಂಡು ಕೊಡಿ. ಫೋನಿಗೆ ಬೇರೆಯೇ ದಾರ ಕಟ್ಟಿ ಹ್ಯಾಂಡಲ್‌ಗೆ ಬಿಗಿಯಿರಿ, ಚಕ್ರಕ್ಕೆ ಎಟುಕದಷ್ಟು ಗಿಡ್ಡವಾಗಿ. ವೈರ್ ಒಳಹೋಗುವ ಮೊದಲು ಕೆಳಗೆ ಬಾಗಿ ಮೇಲೇರಲಿ, ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಘಾಟಿ ಬಂದರೆ ಇಷ್ಟೆಲ್ಲ ಮಾಡಿದ್ದರೂ ಬಿಚ್ಚಿ ಒಳಗಿಡಿ. ಇಳಿಜಾರಿನಲ್ಲಿ ನೋಡಬೇಕಾದದ್ದು ರಸ್ತೆ.

ನಾನಂತೂ ಈಗ ತಿರುವುಗಳನ್ನು ಚೀಟಿಯಲ್ಲಿ ಬರೆದು ಹ್ಯಾಂಡಲ್‌ಗೆ ಅಂಟಿಸಿಕೊಳ್ಳುತ್ತೇನೆ. ಹುಡುಗ ಮತ್ತೆ ಸೈಕಲ್ ಹತ್ತಿದ್ದಾನೆ. ಇಬ್ಬರ ಫೋನೂ ಜೊತೆಗಿರುತ್ತವೆ, ಎರಡೆರಡು ಜಿಪ್ ಕವರಿನೊಳಗೆ, ಅವರವರ ಜೇಬಿನಲ್ಲಿ. 112ಕ್ಕೆ ಕರೆ ಮಾಡಬೇಕಾಗಿ ಬಂದರೆ ಒಂದಾದರೂ ಒಣಗಿರಲಿ ಎಂದು.