ಒಂದೇ ಸಿನಿಮಾ, ಎರಡು ಪೋಸ್ಟರ್: ತಿಪಟೂರಿನಲ್ಲಿ ಯಾವುದು ನಿಂತಿತು?

ಸ್ನೇಹಿತರೊಬ್ಬರ ಚಿಕ್ಕ ಬಜೆಟ್ ಸಿನಿಮಾಕ್ಕೆ ಪೋಸ್ಟರ್ ಮಾಡಿದೆ. ತೆಂಗಿನ ತೋಟ ಮಾರಬೇಕೋ ಬೇಡವೋ ಅಂತ ಅಮ್ಮ-ಮಗಳು ಮುನಿಸಿಕೊಳ್ಳುವ ಕಥೆ. ಇದನ್ನು ನೋಡಬೇಕಾದವರು ತಿಪಟೂರು, ಅರಸೀಕೆರೆ ಕಡೆಯ ಹೆಂಗಸರು. ಅವರು ಹೊರಟರೆ ಮನೆಮಂದಿಯೆಲ್ಲ ಹೊರಡುತ್ತಾರೆ.

ಮೊದಲನೆಯದು ಬಣ್ಣದಲ್ಲಿ ಬರೆದ ಚಿತ್ರ. ಕಡುನೀಲಿ ರಾತ್ರಿ, ಸಾಲು ತೆಂಗಿನ ಮರ, ದೂರದ ಮನೆಯಲ್ಲಿ ಒಂದೇ ದೀಪ. ಎರಡನೆಯದು ಫೋಟೊ. ಅಮ್ಮ ಉಂಡೆ ಕೊಬ್ಬರಿ ರಾಶಿಯ ಮುಂದೆ ಕೂತಿದ್ದಾರೆ. ಮಗಳು ಬ್ಯಾಗ್ ಹೆಗಲಿಗೇರಿಸಿ ನಿಂತಿದ್ದಾಳೆ. ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ.

ಎರಡನ್ನೂ 30x40 ಇಂಚಿಗೆ ಪ್ರಿಂಟ್ ಹಾಕಿಸಿ, ತಿಪಟೂರು ಬಸ್ ಸ್ಟ್ಯಾಂಡ್ ಹತ್ತಿರದ ಟೀ ಅಂಗಡಿಯವರನ್ನು ಕೇಳಿ ಗೋಡೆಗೆ ಅಂಟಿಸಿದೆ. ಚೆನ್ನಾಗಿದೆಯಾ ಅಂತ ಯಾರನ್ನೂ ಕೇಳಲಿಲ್ಲ. ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಲೇ ಅನ್ನುತ್ತಾರೆ, ಅಲ್ವಾ? "ಇದು ಎಂಥ ಸಿನಿಮಾ ಇರಬಹುದು?" ಅಂತ ಮಾತ್ರ ಕೇಳಿದೆ.

ರಾತ್ರಿಯ ಚಿತ್ರಕ್ಕೆ ಜಾಸ್ತಿ ಬಂದ ಉತ್ತರ: ದೆವ್ವದ ಸಿನಿಮಾ. ಅಷ್ಟಕ್ಕೇ ಸೋತುಹೋಯಿತು. ಪ್ರಿಂಟಿನಲ್ಲೂ ಪೆಟ್ಟು ಬಿತ್ತು. ಕಂಪ್ಯೂಟರಿನ ಪರದೆ ಬೆಳಕಿನಿಂದ ಬಣ್ಣ ಕಟ್ಟುತ್ತದೆ, ಪ್ರೆಸ್ಸು ನಾಲ್ಕು ಇಂಕಿನಿಂದ. ಪರದೆಯ ಮೇಲೆ ಹೊಳೆಯುತ್ತಿದ್ದ ನೀಲಿ ಕಾಗದದ ಮೇಲೆ ಮಸಿಯಂತಾಯಿತು.

ಫೋಟೊ ಮುಂದೆ ಒಬ್ಬ ಅಜ್ಜಿ ನಿಂತರು. ಅವರ ಕಣ್ಣು ಮುಖಗಳ ಮೇಲೆ ಹೋಗಲೇ ಇಲ್ಲ, ಕೊಬ್ಬರಿ ರಾಶಿಯ ಮೇಲೆ ಹೋಯಿತು. "ನಮ್ ಕಡೇದೇ ಕೊಬ್ಬರಿ. ಮಗಳು ಬಿಟ್ಟು ಹೊರಟವ್ಳಾ?" ಅಂದರು. ಕಥೆ ಅಷ್ಟೇ ತಾನೆ!

ಹಾಗಂತ ಫೋಟೊ ಮೊದಲ ಸಲಕ್ಕೇ ಸರಿಯಾಗಿರಲಿಲ್ಲ. ಮುಖಗಳನ್ನು ತಿದ್ದಿ ಬೆಳ್ಳಗೆ ಮಾಡಿದ್ದೆ. "ಸೀರಿಯಲ್ಲಾ?" ಅಂತ ಇಬ್ಬರು ಕೇಳಿದರು. ತಿದ್ದಿದ್ದನ್ನೆಲ್ಲ ತೆಗೆದೆ. ಅಮ್ಮನ ಹಣೆಯ ಬೆವರು ವಾಪಸ್ ಬಂತು, ಮುಖಕ್ಕೆ ಜೀವ ಬಂತು.

ಆಮೇಲೆ ಅಕ್ಷರ. ಟಿಕೆಟ್ ಆ್ಯಪಿನಲ್ಲಿ ಪೋಸ್ಟರ್ ಹೆಬ್ಬೆರಳಷ್ಟೇ ಕಾಣುತ್ತದೆ. ಮೊದಲನೆಯದರ ತೆಳು ಕುಂಚದ ಅಕ್ಷರದಲ್ಲಿ ಒತ್ತುಗಳು ಚುಕ್ಕೆಯಾದವು. ಎರಡನೆಯದಕ್ಕೆ ದಪ್ಪ ಅಕ್ಷರ ಬರೆದೆ. ಆದರೆ ಎರಡು ಸಾಲಿನ ಟೈಟಲ್ ನೋಡಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿತ್ತು. ಕೆಳಗಿನ ಸಾಲನ್ನು ಅರ್ಧ ಅಕ್ಷರದಷ್ಟು ಬಲಕ್ಕೆ ಸರಿಸಿದೆ. ಒತ್ತು ಹೋಗಿ ಖಾಲಿ ಜಾಗದಲ್ಲಿ ಕೂತಿತು.

ಬೆಂಗಳೂರಿನ ಕಾಲೇಜು ಹುಡುಗರಿಗೆ ತೋರಿಸಿದಾಗ ಮಾತ್ರ ರಾತ್ರಿಯ ಚಿತ್ರವೇ ಗೆದ್ದಿತು. ಒಬ್ಬಳು ರೂಮಿಗೆ ಹಾಕಿಕೊಳ್ಳೋಕೆ ಕೇಳಿ ತಗೊಂಡು ಹೋದಳು. ಅದನ್ನು ಚಿತ್ರೋತ್ಸವಗಳಿಗೆ ಇಟ್ಟುಕೊಂಡೆವು. ನನಗೂ ಅದರ ಮೇಲೆ ಪ್ರೀತಿ ಇದೆ. ಆದರೆ ಊರಿನ ಗೋಡೆಗೆ ಫೋಟೊನೇ ಸರಿ, ಅದರಲ್ಲಿ ಅನುಮಾನ ಇಲ್ಲ.

ಆ ಅಜ್ಜಿ ಹೊರಡುವಾಗ "ಯಾವ ಟಾಕೀಸಪ್ಪಾ?" ಅಂತ ಕೇಳಿದ್ದರು. ಅದಕ್ಕೇ ಕೊನೆಯ ಪ್ರಿಂಟಿನಲ್ಲಿ ಕೆಳಗೆ 4 ಇಂಚು ಬಿಳಿ ಜಾಗ ಬಿಟ್ಟೆ. ಟಾಕೀಸಿನ ಹೆಸರು, ಆಟದ ಟೈಮು ಬರೆದ ಚೀಟಿಯನ್ನು ಆಯಾ ಊರಿನವರೇ ಅಲ್ಲಿ ಅಂಟಿಸಿಕೊಂಡರು.